ನಮ್ಮ ಸೀಮಿ ಹಕ್ಕಿ ಲೆಕ್ಕ ಬರೆದವರು ಯಾರು?



ಹೋಳಿ ಹುಣ್ಣಿಮಿ ದಾಟಿತು, ಯುಗಾದಿ ಎದುರಿಗೆ ಐತಿ. ಅಥಣಿ ಕಡೆ ಬಿಳಿಜೋಳ ಕಿತ್ತು ರಾಶಿ ಮುಗಿದಾವ. ಹೊಳಿ ದಂಡಿಯ ಊರಾಗ ಕಬ್ಬಿನ ಕೊನೆಯ ಗಾಡಿಗಳು ಫ್ಯಾಕ್ಟರಿಗೆ ಹೋಗಾಕತ್ತಾವ. ಬೇವು ಚಿಗತೈತಿ, ಮಾವು ಕಾಯಿ ಕಟ್ಟೈತಿ. ಮನುಷ್ಯಾಗ ತುಸು ಬಿಡುವು ಸಿಗೋ ಕಾಲ ಇದು. ಹಕ್ಕಿಗೆ ಮಾತ್ರ ವರ್ಷದಾಗ ಭಾಳ ಗಡಿಬಿಡಿ ಇರೋ ಕಾಲ ಇದೇ. ಚಳಿಗಾಲಕ್ಕ ಬಂದವು ಗಂಟು ಕಟ್ಟಿ ಹೊರಡತಾವ. ಇಲ್ಲೇ ಹುಟ್ಟಿ ಇಲ್ಲೇ ಸಾಯೋವು ಜೋಡಿ ಹುಡುಕಿ ಗೂಡಿಗೆ ಜಾಗ ನೋಡತಾವ. ಕೋಗಿಲಿ ದನಿ ತಗದೈತಿ. ಟಿಟ್ಟಿಭ ಬರಡು ಹೊಲದಾಗ ಹಳ್ಳು ಸರಿಸಿ ಮೊಟ್ಟಿ ಇಡೋ ತಯಾರಿ ನಡಸೈತಿ.

ಈ ಸಲ ಹಕ್ಕಿ ಹ್ಯಾಂಗ ಗುರುತು ಹಿಡೀಬೇಕು ಅಂತ ಬರಿಯೋದಿಲ್ಲ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮ್ಯಾಗ ಹಕ್ಕಿ ನೋಡಿ ಬರೆದಿಟ್ಟ ಇತಿಹಾಸ ಏನೈತಿ, ಅದನ್ನ ಯಾರು ಬರೆದರು, ಅದರಿಂದ ನಮಗೇನು ಬಂತು, ನಮ್ಮಿಂದ ಏನು ಹೋತು ಅನ್ನೋದನ್ನ ಬರೀತೀನಿ. ಕಾರಣ ಐತಿ. ಈಗ ಊರೂರಿಗೆ ಗಾಯರಾಣದ ಮಾತು ನಡದೈತಿ. ಗಿಡ ಹಚ್ಚೋಣು ಅಂತ ಕೆಲವರು, ಪ್ಲಾಟ್ ಹಾಕೋಣು ಅಂತ ಕೆಲವರು, ಗುಡ್ಡ ಅಗದು ಮುರುಮ ಮಾರೋಣು ಅಂತ ಮತ್ತ ಕೆಲವರು. ಎಲ್ಲರ ಬಾಯಾಗೂ ಒಂದೇ ಶಬ್ದ: ಖಾಲಿ ಬಿದ್ದೈತಿ. ಖಾಲಿ ಬಿದ್ದಿಲ್ಲ ಅಂತ 200 ವರ್ಷದ ಕಾಗದಪತ್ರ ಹೇಳತಾವ. ಗ್ರಾಮಸಭಾಕ್ಕ ಹೋಗೋ ಮುಂಚೆ ಅದನ್ನ ಒಂದಿಷ್ಟು ತಿಳಕೊಂಡು ಹೋಗೋಣು.

ಅರಸರ ಕಾಲ

ನಮ್ಮ ಸೀಮಿ ಕಲ್ಯಾಣದ ಚಾಲುಕ್ಯರ ಕೈಯಾಗ ಇದ್ದಾಗ ಮೂರನೇ ಸೋಮೇಶ್ವರ ಅಂತ ಒಬ್ಬ ಅರಸ ಇದ್ದ. 1126ರಿಂದ 1138ರ ತನಕ ಆಳಿದ. ಅವನು 1129ರ ಸುಮಾರಿಗೆ ಸಂಸ್ಕೃತದಾಗ ‘ಮಾನಸೋಲ್ಲಾಸ’ ಅನ್ನೋ ದೊಡ್ಡ ಗ್ರಂಥ ಬರೆದ. ಅಡಗಿ, ಆನಿ, ಕುದರಿ, ಆಟ, ಔಷಧ ಎಲ್ಲಾ ಅದರಾಗ ಬರತೈತಿ. ಗಿಡಗ ಸಾಕಿ ಅದರ ಕೈಲಿ ಬ್ಯಾಟಿ ಆಡಿಸೋದು, ಲಾವಕ್ಕಿ ಕಾಳಗ ಹಚ್ಚೋದು ಕೂಡ ಅದರಾಗ ವಿನೋದಗಳ ಸಾಲಿನ್ಯಾಗ ಬರತಾವ. ಅಂದರ 900 ವರ್ಷದ ಹಿಂದನೇ ಈ ನೆಲದಾಗ ಹಕ್ಕಿಯ ಗುಣ, ಆಹಾರ, ರೋಗ ತಿಳಿದವರು ಇದ್ದರು. ಆದರ ಅದು ಅರಸನ ವಿನೋದ. ಬಲಿ ಹಾಕಿ ಹಕ್ಕಿ ಹಿಡಿದು ತಂದು ಕೊಟ್ಟವನ ಹೆಸರು ಅಲ್ಲಿಲ್ಲ. ಈ ಮಾತು ನೆನಪಿಟ್ಟುಕೋರಿ, ಮುಂದೂ ಇದೇ ಬರತೈತಿ.

ಕಿತ್ತೂರಿನ ಸೆರೆಯಾಳು

ಪೇಶವಾಯಿ 1818ರಾಗ ಮುಳುಗಿತು. ಕಂಪನಿ ಸರಕಾರ ಬಂದ ಮ್ಯಾಲ ನಮ್ಮ ಭಾಗಕ್ಕ ಅವರ ಕಾಗದದಾಗ ‘ದಕ್ಷಿಣ ಮರಾಠಾ ದೇಶ’ ಅಂತ ಹೆಸರು ಬಿತ್ತು. ಆಗ ದಖ್ಖನ್‌ದ ಅಂಕಿಸಂಖ್ಯೆ ಕೂಡಿಸಾಕ ಕರ್ನಲ್ ಡಬ್ಲ್ಯೂ. ಎಚ್. ಸೈಕ್ಸ್ ಅನ್ನೋ ಅಧಿಕಾರಿಯನ್ನ ನೇಮಿಸಿದ್ದರು. ಜನ ಎಷ್ಟು, ಬೆಳಿ ಎಷ್ಟು, ಮಳಿ ಎಷ್ಟು ಅಂತ ಬರಕೋತ ಹಕ್ಕಿನೂ ಬರಕೊಂಡ. 1832ರಾಗ ಲಂಡನ್ನಿನ್ಯಾಗ ದಖ್ಖನ್‌ದ ಹಕ್ಕಿಗಳ ಪಟ್ಟಿ ಅಚ್ಚಾತು. ಅಥಣಿ ಕಡೆಯ ಕಲ್ಲು ಮಡ್ಡಿಯಂಥ ನೆಲದಾಗ ಇರೋ, ತಲಿ ಮ್ಯಾಲ ಸಣ್ಣ ಜುಟ್ಟು ಇರೋ ಕಂದು ಚಂಡೋಲಕ್ಕ ಇವತ್ತೂ ಅವನ ಹೆಸರೇ ಐತಿ, ಸೈಕ್ಸ್ ಲಾರ್ಕ್ ಅಂತಾರ. ನಾವು ನೆಲಗುಬ್ಬಿ ಅಂದು ಸುಮ್ಮನಾಗೋ ಆ ಹಕ್ಕಿ ಭಾರತ ಬಿಟ್ಟರ ಬ್ಯಾರೆ ದೇಶದಾಗ ಇಲ್ಲ.

ಇನ್ನೊಬ್ಬನ ಕಥಿ ನಮಗ ಇನ್ನೂ ಹತ್ತಿರದ್ದು. 1824ರ ಅಕ್ಟೋಬರ್ 23ಕ್ಕ ಕಿತ್ತೂರಿನ್ಯಾಗ ಥ್ಯಾಕರೆ ಸತ್ತದ್ದು ಎಲ್ಲರಿಗೂ ಗೊತ್ತು. ಆ ದಿನ ರಾಣಿ ಚನ್ನಮ್ಮನ ಕಡೆಯವರು ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನ ಜೀವಂತ ಹಿಡದರು. ಒಬ್ಬ ಸ್ಟೀವನ್ಸನ್, ಇನ್ನೊಬ್ಬ ವಾಲ್ಟರ್ ಎಲಿಯಟ್. ಎಲಿಯಟ್‌ಗ ಆಗ 21 ವರ್ಷ. ಬಿಡುಗಡಿ ಆದ ಮ್ಯಾಲ ಅವನು ಊರಿಗೆ ಓಡಿ ಹೋಗಲಿಲ್ಲ. 1833ರ ತನಕ ನಮ್ಮ ಭಾಗದಾಗೇ ಇದ್ದ. ಕನ್ನಡ ಕಲಿತ. ಶಾಸನ ನಕಲು ಮಾಡಿಸಿದ, ಅವನು ಕೂಡಿಸಿದ ಶಾಸನ 595. ಅದರ ಜೋಡಿಗೇ ಪ್ರಾಣಿ, ಹಕ್ಕಿ ಬರಕೊಂಡ.

1839ರಾಗ ಮದ್ರಾಸಿನ ಒಂದು ಪತ್ರಿಕೆಯೊಳಗ ದಕ್ಷಿಣ ಮರಾಠಾ ದೇಶದ ಪ್ರಾಣಿಗಳ ಪಟ್ಟಿ ಎಲಿಯಟ್ ಪ್ರಕಟ ಮಾಡಿದ. ಅದರಾಗ ಇಂಗ್ಲಿಷ್, ಲ್ಯಾಟಿನ್ ಹೆಸರಿನ ಮಗ್ಗಲಾಗ ಕನ್ನಡ ಹೆಸರು ಅದಾವ, ವಡ್ಡರ ಮಾತಿನ ಹೆಸರೂ ಅದಾವ. ಒಂದು ಇಲಿಗೆ ಲಂಡನ್ನಿನ ಪಂಡಿತ ಗ್ರೇ ‘ಗೊಲುಂಡಾ ಎಲಿಯಟಿ’ ಅಂತ ಹೆಸರಿಟ್ಟ. ಗೊಲುಂಡಾ ಅಂದರ ಏನು? ನಮ್ಮ ಜನ ಆ ಇಲಿಗೆ ಅನ್ನುತಿದ್ದ ‘ಗುಳಂದಿ’. ಜಗತ್ತಿನ ವಿಜ್ಞಾನದ ಪುಸ್ತಕದಾಗ ನಮ್ಮ ಹೊಲದ ಶಬ್ದ ಕುಂತೈತಿ. ನಮ್ಮ ಮಕ್ಕಳ ಬಾಯಾಗ ಮಾತ್ರ ಅದಿಲ್ಲ.

ಎಲಿಯಟ್ ಬರೆದದ್ದರಾಗ ರೈತರು ಓದಲೇಬೇಕಾದ ಒಂದು ಸಂಗತಿ ಐತಿ. 1826ರಾಗ ಮುಂಗಾರಿ ಆರಂಭದ ಮಳಿ ಸರಿಯಾಗಿ ಆಗಲಿಲ್ಲ. ವಡ್ಡರು ಮೆಟ್ಟಾಡೆ ಅನ್ನುತಿದ್ದ ಹೊಲದ ಇಲಿ ಅವತ್ತು ವಿಪರೀತ ಹೆಚ್ಚಾದವು. ಬಿತ್ತಿದ ಬೀಜ ನೆಲದಾಗೇ ತಿಂದವು. ಉಳಿದು ಬೆಳೆದ ಜೋಳದ ದಂಟು ಏರಿ ತೆನಿ ಕತ್ತರಿಸಿದವು. ರೈತರು ವಡ್ಡರನ್ನ ಕರಸಿ, ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಅಂತ ಕೂಲಿ ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರು. ಆದರೂ ಕಡಿಮಿ ಆದದ್ದು ಕಣ್ಣಿಗೆ ಕಾಣಲಿಲ್ಲ.

ಇಲಿ ಹೊಲದಾಗ ಹುಟ್ಟತೈತಿ, ಅದನ್ನ ತಿನ್ನೋ ಹಕ್ಕಿಗೆ ಮಾತ್ರ ಹೊಲದ ಮಗ್ಗಲಾಗ ಕೂಡಾಕ ಜಾಗ ಬೇಕು. ಹಾಲಕ್ಕಿ, ಗೂಗಿಗೆ ಹಳೇ ಬೇವು, ಹುಣಸಿಯ ಪೊಟರಿ ಬೇಕು. ಬುಡಬುಡಿಕ್ಯಾ ಬಂದು ಹಾಲಕ್ಕಿ ನುಡೀತೈತಿ ಅಂತ ಹೇಳತಾನಲ್ಲ, ಆ ಪೊಟರಿ ಗೂಗಿನೇ ಅದು. ಇನ್ನೊಂದು, ಚಳಿಗಾಲದಾಗ ಮಧ್ಯ ಏಷ್ಯಾದ ಕಡೆಯಿಂದ ಬರೋ ಉದ್ದ ರೆಕ್ಕಿಯ ಗಿಡಗ. ಪುಸ್ತಕದಾಗ ಸೆಳೆವ ಅಂತಾರ. ಹುಲ್ಲಿನ ಮ್ಯಾಲ ಒಂದಾಳ ಎತ್ತರದಾಗ ತೇಲಿಕೋತ ಹೋಗಿ ಮಿಡಚಿ, ಇಲಿ ಎತ್ತತೈತಿ. ರಾತ್ರಿ ಗಿಡದ ಮ್ಯಾಲ ಕೂಡೋದಿಲ್ಲ, ಹುಲ್ಲಿನೊಳಗ ನೆಲದ ಮ್ಯಾಲೇ ಮಲಗತೈತಿ. ಹುಲ್ಲು ಇಲ್ಲ ಅಂದರ ಅದಕ್ಕ ವಸತಿ ಇಲ್ಲ. ಮಾರ್ಚ್, ಏಪ್ರಿಲ್‌ದಾಗ ತಿರುಗಿ ಹೋಗತೈತಿ. ನೋಡೋದಿದ್ದರ ಈ ವಾರದಾಗೇ ನೋಡರಿ, ಹೊತ್ತು ಮುಳುಗೋ ಮುಂದ ಗಾಯರಾಣದ ಕಡೆ.

ಎರಿ ನೆಲದ ದೊರಿ

ನಮ್ಮ ಎರಿ ನೆಲದಾಗ ಒಂದು ದೊಡ್ಡ ಹಕ್ಕಿ ಇತ್ತು. ಎರ್ಲಡ್ಡು ಅಂತ ಕೆಲವು ಕಡೆ, ಎರೆಭೂತ ಅಂತ ಕೆಲವು ಕಡೆ ಅಂತಾರ. ಪುಸ್ತಕದಾಗ ದೊರೆವಾಯನ ಹಕ್ಕಿ. ಗಡಿ ಆಚೆ ಮರಾಠಿಯೊಳಗ ಮಾಳಢೋಕ. ಗಂಡು 15 ಕಿಲೋದ ತನಕ ತೂಗತೈತಿ, ಹಾರೋ ಹಕ್ಕಿಗಳಾಗ ಇಷ್ಟು ತೂಕದವು ಜಗತ್ತಿನ್ಯಾಗೇ ಬೆರಳೆಣಿಕಿ. ಮಿಡಚಿ, ಹುಳ, ಓತಿಕ್ಯಾತ, ಕಾಳು ಅದರ ಊಟ. ಬಯಲು ನೆಲದ ಮ್ಯಾಲ, ಗೂಡಿಲ್ಲದೆ, ವರ್ಷಕ್ಕ ಸಾಮಾನ್ಯವಾಗಿ ಒಂದೇ ಮೊಟ್ಟಿ ಇಡತೈತಿ.

ವರ್ಷಕ್ಕ ಒಂದು ಮೊಟ್ಟಿ ಇಡೋ ಹಕ್ಕಿಗೆ ಬಂದೂಕು ತಡಿಯೋದಿಲ್ಲ. ಮ್ಯಾನ್ಸ್‌ಫೀಲ್ಡ್ ಅನ್ನೋ ಒಬ್ಬನೇ ಒಬ್ಬ ಬ್ಯಾಟಿಗಾರ ಅಹಮದನಗರ ಸೀಮ್ಯಾಗ 1809ರಿಂದ 1829ರ ತನಕ 961 ಎರ್ಲಡ್ಡು ಹೊಡೆದ ಅಂತ ದಾಖಲೆ ಐತಿ. ಇವತ್ತು ಇಡೀ ದೇಶ ಹುಡುಕಿದರೂ ಕಾಡಿನ್ಯಾಗ ಉಳಿದದ್ದು 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದಾಗ. ನಮ್ಮ ರಾಜ್ಯದಾಗ ಬಳ್ಳಾರಿ ಜಿಲ್ಲೆ ಸಿರುಗುಪ್ಪದ ಕಡೆ ಕೈ ಬೆರಳಿನಾಗ ಎಣಿಸೋ ಅಷ್ಟು ಮಾತ್ರ.

ಎಲಿಯಟ್ ಈ ಹಕ್ಕಿಯನ್ನ ಮರೀಲಿಲ್ಲ. ಸ್ಕಾಟ್ಲೆಂಡಿಗೆ ತಿರುಗಿ ಹೋಗಿ, ಮುದುಕ ಆಗಿ, ಕಣ್ಣು ಹೋದ ಕಾಲಕ್ಕ, 1880ರಾಗ ಎರ್ಲಡ್ಡಿನ ಗಂಟಲ ಚೀಲದ ಮ್ಯಾಲ ಒಂದು ಲೇಖನ ಪ್ರಕಟ ಮಾಡಿದ. ಜೋಡಿಗಾಲದಾಗ ಗಂಡು ಆ ಚೀಲ ಊದಿಸಿ ಜೋತು ಬಿಟ್ಟು, ದೂರಕ್ಕ ಕೇಳೋ ಹಂಗ ಗುಂಯ್ಯ್ ಅಂತ ದನಿ ತಗೀತೈತಿ. ಅವನು ಸಣ್ಣವ ಇದ್ದಾಗ ನೋಡಿದ ನೆಲದಾಗ ಇವತ್ತು ಆ ದನಿ ಇಲ್ಲ.

ಜರ್ಡನ್ ಅನ್ನೋ ಡಾಕ್ಟರ್ ಮುಂದ 1862–64ರಾಗ ‘ಬರ್ಡ್ಸ್ ಆಫ್ ಇಂಡಿಯಾ’ ಅನ್ನೋ ದೊಡ್ಡ ಪುಸ್ತಕ ತಂದ. ಅದರಾಗನೂ ಹಿಂದಿ, ಮರಾಠಿ, ತೆಲುಗಿನ ಜೋಡಿ ಕನ್ನಡ ಹೆಸರು ಅದಾವ. ಅವರು ಹೆಸರು ಹುಟ್ಟಿಸಲಿಲ್ಲ, ನಮ್ಮವರನ್ನ ಕೇಳಿ ಬರಕೊಂಡರು.

ಕ್ಯಾಂಪಿನ ಕ್ಯಾಪ್ಟನ್

1880ರ ಸುಮಾರಿಗೆ ಬೆಳಗಾವಿ ಕ್ಯಾಂಪಿನ್ಯಾಗ 83ನೇ ರೆಜಿಮೆಂಟಿನ ಕ್ಯಾಪ್ಟನ್ ಇ. ಎ. ಬಟ್ಲರ್ ಇದ್ದ. ದಖ್ಖನ್ ಮತ್ತು ದಕ್ಷಿಣ ಮರಾಠಾ ದೇಶದ ಹಕ್ಕಿಗಳ ತಾತ್ಕಾಲಿಕ ಪಟ್ಟಿ ಅಂತ ಅವನು ಮಾಡಿದ್ದು 1881ರಾಗ ‘ಸ್ಟ್ರೇ ಫೆದರ್ಸ್’ ಪತ್ರಿಕೆಯೊಳಗ ಬಂತು. ಎಪ್ಪತ್ತಕ್ಕೂ ಹೆಚ್ಚು ಪುಟ. ನಮ್ಮ ಭಾಗದ ಹಕ್ಕಿಗೆ ಅಷ್ಟು ವಿವರದ ಪಟ್ಟಿ ಅದಕ್ಕೂ ಮುಂಚೆ ಇರಲಿಲ್ಲ. ಆ ಪತ್ರಿಕೆ ನಡಸುತಿದ್ದವ ಎ. ಓ. ಹ್ಯೂಮ್, ಮುಂದ 1885ರಾಗ ಕಾಂಗ್ರೆಸ್ ಕಟ್ಟಿದನಲ್ಲ, ಅವನೇ. ಅದೇ ವರ್ಷ ಅವನು ಕೂಡಿಸಿದ್ದ ಹಕ್ಕಿ ಚರ್ಮ, ಮೊಟ್ಟಿ ಎಲ್ಲಾ ಸೇರಿ 80,000ಕ್ಕೂ ಹೆಚ್ಚು ನಮೂನೆ ಲಂಡನ್ ಮ್ಯೂಸಿಯಮ್ಮಿಗೆ ಹೋದವು.

ಆ ಕಾಲದಾಗ ಹಕ್ಕಿ ನೋಡೋದು ಅಂದರ ಹೊಡದು ಕೈಯಾಗ ಹಿಡದು ನೋಡೋದು. ದುರ್ಬೀನು ಆಮ್ಯಾಲ ಬಂತು. ಗೂಡು ಎಲ್ಲೈತಿ, ಕೌಜುಗ ಯಾವ ಬದುವಿನ್ಯಾಗ ಕೂಡತೈತಿ, ಬುರ್ಲಿ ಯಾವ ಹೊತ್ತಿನ್ಯಾಗ ಹೊರಗ ಬರತೈತಿ ಅಂತ ತಿಳಿದವರು ಈ ನೆಲದ ಹರಣಶಿಕಾರಿಗಳು, ಪಾರಧಿಗಳು, ಕುರಿ ಕಾಯೋರು, ಹೊಲದ ಆಳುಗಳು. ಸಾಹೇಬರ ಪಟ್ಟಿಯೊಳಗ ಅವರ ಹೆಸರು ಹುಡುಕಬ್ಯಾಡರಿ. ಅವರ ಹೆಸರು ಸಿಗೋದು ಬ್ಯಾರೆ ಪಟ್ಟಿಯೊಳಗ. 1871ರ ಕಾಯ್ದೆ ಪ್ರಕಾರ ಇಂಥ ಎಷ್ಟೋ ಸಮುದಾಯಗಳನ್ನ ಹುಟ್ಟಿನಿಂದನೇ ಅಪರಾಧಿಗಳು ಅಂತ ಬರೆದರು. ಆ ಹಣೆಪಟ್ಟಿ ತಗದದ್ದು 1952ರಾಗ. ನಮ್ಮ ಹಕ್ಕಿಗಳ ಬಗ್ಗೆ ಎಲ್ಲಕ್ಕಿಂತ ಹೆಚ್ಚು ತಿಳಿದವರನ್ನ ಠಾಣೆಯಾಗ ಹಾಜರಿ ಕೊಡಿಸಿ, ತಿಳಿವಳಿಕೆಯನ್ನ ಲಂಡನ್ನಿಗೆ ಕಳಿಸಿದಂಗಾತು.

ಇದೇ ಕಾಲಕ್ಕ ಮೋಜಣಿ ಆತು. ಸರ್ವೆ ನಂಬರ ಬಿದ್ದವು, ಆಕಾರ ಬಿತ್ತು. ಯಾವ ನೆಲ ಪಟ್ಟಿ ಕೊಡೋದಿಲ್ಲೋ ಅದು ಬಂಜರು, ಪಡಾ ಅಂತ ಕಾಗದದಾಗ ಕುಂತಿತು. ಕುರಿಗೆ ಹುಲ್ಲು, ಚಂಡೋಲಕ್ಕ ಗೂಡು, ಊರಿಗೆ ದನ ಮೇಯಿಸೋ ಜಾಗ ಇದ್ದರೂ ಸರಕಾರದ ಲೆಕ್ಕದಾಗ ಅದು ಬರೀ ಶೂನ್ಯ. ನಾವು ಇವತ್ತು ಖಾಲಿ ಬಿದ್ದೈತಿ ಅನ್ನೋ ಮಾತು ಆ ತೆರಿಗಿ ಲೆಕ್ಕದಿಂದ ಬಂದದ್ದು, ನಮ್ಮ ಹಿರಿಯರ ಮಾತಲ್ಲ.

ನೀರು ಬಂತು, ಹಕ್ಕಿ ಬದಲಾತು

19ನೇ ಶತಮಾನದ ಕೊನೆಗೆ ಘಟಪ್ರಭಾ ಹೊಳಿಗೆ ಧೂಪದಾಳದಾಗ ಒಡ್ಡು ಕಟ್ಟಿದರು, ಗೋಕಾಕ ಕಾಲುವಿ ಬಂತು. ಒಡ್ಡಿನ ಹಿಂದ ನಿಂತ ನೀರಿನ್ಯಾಗ ನಡುಗಡ್ಡಿ ಆದವು, ಜೊಂಡು ಬೆಳೀತು. ಚಳಿಗಾಲದ ಬಾತು, ಕೊಕ್ಕರಿ ಕೂಡಾಕ ಶುರು ಮಾಡಿದವು. 1974ರಾಗ ಸರಕಾರ ಅಲ್ಲಿ 29.78 ಚದರ ಕಿಲೋಮೀಟರನ್ನ ಘಟಪ್ರಭಾ ಪಕ್ಷಿಧಾಮ ಅಂತ ಘೋಷಣೆ ಮಾಡಿತು. ನಮ್ಮ ರಾಯಬಾಗದವರಿಗೆ ಮಗ್ಗಲದಾಗೇ ಐತಿ. ಯುರೋಪ್ ಕಡೆಯ ಬಿಳಿ ಕೊಕ್ಕರಿ, ಮಂಗೋಲಿಯಾ, ಕಜಾಕಿಸ್ತಾನ ಕಡೆಯ ಕರ್ಕರ ಕೊಕ್ಕರಿ ಅಲ್ಲಿಗೆ ಹೆಸರುವಾಸಿ.

ಈ ಕರ್ಕರ ಕೊಕ್ಕರಿಗೆ ಮರಾಠಿಯೊಳಗ ಕರಕೋಚಾ ಅಂತಾರ. ಬೂದು ಮೈ, ಕರಿ ಕುತಗಿ, ಕಣ್ಣಿನ ಹಿಂದ ಬಿಳಿ ಪುಚ್ಚ. ಅಕ್ಟೋಬರದಾಗ ಹಿಮಾಲಯ ದಾಟಿ ಬರತಾವ, ಶಿವರಾತ್ರಿ, ಹೋಳಿ ಹೊತ್ತಿಗೆ ತಿರುಗಿ ಹೊರಡತಾವ. ಕಡ್ಲಿ, ಶೇಂಗಾ, ಜೋಳದ ಹೊಲಕ್ಕ ಇಳದರ ಲುಕ್ಸಾನ ಆಗೋದು ಖರೆ, ಅದನ್ನ ಮುಚ್ಚಿಡಬೇಕಾಗಿಲ್ಲ. ರಾಜಸ್ಥಾನದ ಖೀಚನ್ ಊರಿನವರು ಇದೇ ಹಕ್ಕಿಗೆ ಊರ ಮಗ್ಗಲಾಗ ಒಂದು ಕಟ್ಟಿ ಮಾಡಿ ದಿನಾ ಕಾಳು ಚೆಲ್ಲತಾರ. ಸಾವಿರಗಟ್ಟಲೆ ಹಕ್ಕಿ ಇಳೀತಾವ, ನೋಡಾಕ ದೂರದ ದೇಶದ ಮಂದಿ ಬರತಾರ.

ಗುಲಾಬಿ ಕಬ್ಬಕ್ಕಿದೂ ಹಂಗೇ. ನಮ್ಮ ಕಡೆ ಮರಾಠಿ ಮಾತಾಡೋರು ಭೋರಡಿ ಅಂತಾರ. ಹಾಲುಗಾಳು ಇದ್ದಾಗ ಮೋಡದಂಗ ಜೋಳದ ಮ್ಯಾಲ ಬೀಳೋ ಹಕ್ಕಿ. ಅಟ್ಟದ ಮ್ಯಾಲ ನಿಂತು ಕವಣಿ ಬೀಸಿ, ಡಬ್ಬಿ ಬಡದು ಓಡಿಸಿದ ಕೈ ಈ ಬರಹ ಓದೋರಾಗ ಭಾಳ ಅದಾವ. ಏಪ್ರಿಲ್‌ದಾಗ ಇವು ಮಧ್ಯ ಏಷ್ಯಾಕ್ಕ ಹೋಗತಾವ. ಅಲ್ಲಿ ಮರಿಗೆ ಉಣಸೋದು ಮಿಡತಿ. ಚೀನಾದ ಷಿಂಜಿಯಾಂಗ್ ಪ್ರಾಂತದಾಗ ಮಿಡತಿ ಕಾಟ ತಡಿಯಾಕ ಸರಕಾರದವರೇ ಈ ಹಕ್ಕಿಗೆ ಕಲ್ಲಿನ ಗೂಡು ಕಟ್ಟಿ ಕೊಡತಾರ. ನಮಗ ಕಳ್ಳ, ಅವರಿಗೆ ಆಳುಮಗ. ಹಕ್ಕಿ ಒಂದೇ.

ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡಿಗೆ ಇನ್ನೊಂದು ಬದಲಾವಣಿ ಆತು. 1939ರಾಗ ಉಗಾರದಾಗ ಸಕ್ಕರಿ ಫ್ಯಾಕ್ಟರಿ ಬಂತು, ಆಮ್ಯಾಲ ಒಂದರ ಹಿಂದ ಒಂದು. ಏತ ನೀರಾವರಿ ಬಂತು. ಜೋಳ, ಕುಸುಬಿ, ಕಡ್ಲಿ, ಹತ್ತಿ ಇದ್ದಲ್ಲಿ ಕಬ್ಬು ನಿಂತಿತು. ಕಬ್ಬು ನಮಗ ಮನಿ ಕಟ್ಟಿಸಿ ಕೊಟ್ಟೈತಿ, ಮಕ್ಕಳನ್ನ ಓದಿಸೈತಿ, ಅದನ್ನ ಬೈಯೋ ಮಾತಿಲ್ಲ. ಹಕ್ಕಿ ಲೆಕ್ಕ ಮಾತ್ರ ಹೇಳತೀನಿ. ಕಬ್ಬು ಬಂದ ಮ್ಯಾಲ ನವಿಲು ಹೆಚ್ಚಾದವು, ಅಡಗಾಕ ಜಾಗ ಸಿಕ್ಕಿತು. ಗೀಜಗಕ್ಕ ಗೂಡು ಹೆಣಿಯಾಕ ಕಬ್ಬಿನ ಎಲಿ ಸಿಕ್ಕಿತು. ಟ್ರ್ಯಾಕ್ಟರ್ ಹಿಂದ ಬೆಳ್ಳಕ್ಕಿ ಸಾಲು ಹೆಚ್ಚಿತು. ಬಯಲು ಬೇಕಾದ ಹಕ್ಕಿಗೆ ಮಾತ್ರ ಜಾಗ ಹೋತು: ಎರ್ಲಡ್ಡು, ಚಂಡೋಲ, ಹಳದಿ ಟಿಟ್ಟಿಭ, ಬುರ್ಲಿ. ಮರಾಠಿಯೊಳಗ ಪಖುರ್ಡಿ ಅನ್ನೋ ಹಕ್ಕಿದೂ ಅದೇ ಗತಿ. ಬ್ಯಾಸಗಿಯೊಳಗ ಅದರ ಗಂಡು ಎದಿ ಹೊಟ್ಟಿ ಪುಚ್ಚ ನೀರಿನ್ಯಾಗ ತೋಯಿಸಿಕೊಂಡು ಹಾರಿ ಹೋಗಿ ಮರಿಗೆ ನೀರು ಕುಡಸತೈತಿ. ಅಂಥ ತಂದಿ ಇರೋ ಹಕ್ಕಿಗೆ ನಾವು ಬಿಟ್ಟದ್ದು ಬದುವು ಅಷ್ಟೇ.

1963ರಾಗ ರಾಷ್ಟ್ರಪಕ್ಷಿ ಆರಿಸೋವಾಗ ಸಲೀಂ ಅಲಿಯವರು ಎರ್ಲಡ್ಡಿನ ಪರ ಇದ್ದರು. ನವಿಲು ಗೆದ್ದಿತು. ಇವತ್ತು ನವಿಲು ನಮ್ಮ ಬಿತ್ತನಿ ಕೆದರೋ ಅಷ್ಟು ಹೆಚ್ಚಾಗೈತಿ, ಎರ್ಲಡ್ಡು ಹೆಸರು ಕೇಳಿದವರೂ ಕಡಿಮಿ ಆಗ್ಯಾರ.

ಮೂರು ಊರಿನ ಪಾಠ

ಗಾಯರಾಣದ ಪ್ರಶ್ನೆಗೆ ಈ ಮೂರು ಉದಾಹರಣೆ ಭಾಳ ಬೇಕಾಗತಾವ.

ಒಂದು, ರಾಣೆಬೆನ್ನೂರು. ಅಲ್ಲಿ ಹುಲ್ಲುಗಾವಲು ಇತ್ತು, ಕೃಷ್ಣಮೃಗ ಮತ್ತು ಎರ್ಲಡ್ಡು ಇದ್ದವು. ಬಯಲು ಕಂಡಲ್ಲಿ ಗಿಡ ಹಚ್ಚಬೇಕು ಅಂತ ನೀಲಗಿರಿ ನೆಟ್ಟರು. 1974ರಾಗ 119 ಚದರ ಕಿಲೋಮೀಟರ್ ಅಭಯಾರಣ್ಯ ಆತು. ಕೃಷ್ಣಮೃಗ ಉಳದವು. ಎರ್ಲಡ್ಡಿಗೆ ದೂರ ಕಾಣೋ ಬಯಲು ಬೇಕು, ಗಿಡಗಳ ನಡುವ ಅದು ಇರಲಿಲ್ಲ. ಹಸರು ಹೆಚ್ಚಾತು, ಹಕ್ಕಿ ಹೋತು. ಗಿಡ ಹಚ್ಚೋದು ಪುಣ್ಯದ ಕೆಲಸ ಖರೆ, ಆದರ ಹುಲ್ಲಿನ ಮಡ್ಡಿಗೆ ಅದು ಔಷಧ ಅಲ್ಲ.

ಎರಡು, ಸೊಲ್ಲಾಪುರದ ಹತ್ತಿರದ ನಾನ್ನಜ. ನಮ್ಮ ಅಥಣಿಯಿಂದ ಭಾಳ ದೂರ ಇಲ್ಲ. ಮಾಳಢೋಕ ಉಳಸಾಕ 1979ರಾಗ 8,496 ಚದರ ಕಿಲೋಮೀಟರ್ ಅಭಯಾರಣ್ಯ ಅಂದರು. ಅದರಾಗ ಊರು, ಹೊಲ, ತೋಟ ಎಲ್ಲಾ ಬಂದವು. ಜಮೀನು ಮಾರಾಕ, ಕೊಳ್ಳಾಕ, ಉದ್ಯೋಗ ಹಾಕಾಕ ಅಡಚಣಿ. ಹಕ್ಕಿ ಹೆಸರು ಹೇಳಿದರ ರೈತ ಮುಖ ತಿರುವೋ ಪರಿಸ್ಥಿತಿ ಬಂತು. ಸುಪ್ರೀಂ ಕೋರ್ಟಿನ ತನಕ ಹೋಗಿ ಕಡೀಕ ಅದನ್ನ 1,222 ಚದರ ಕಿಲೋಮೀಟರಿಗೆ ಇಳಿಸಿದರು. ಅಷ್ಟೊತ್ತಿಗೆ ಹಕ್ಕಿನೂ ಕರಗಿತ್ತು. ರೈತನ್ನ ಕೇಳದ ನಕಾಶಿ ಮ್ಯಾಲ ಗೆರಿ ಹೊಡದರ ರೈತನೂ ಉಳಿಯೋದಿಲ್ಲ, ಹಕ್ಕಿನೂ ಉಳಿಯೋದಿಲ್ಲ.

ಮೂರು, ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರಿ ಊರ ನಡುವಿನ ಹುಣಸಿ, ಆಲದ ಮರದಾಗೇ ಗೂಡು ಕಟ್ಟತಾವ. ಹಕ್ಕಿ ಬಂದರ ಊರಿಗೆ ಒಳ್ಳೇದು ಅಂತ ಜನರ ನಂಬಿಕಿ. ಹಿಕ್ಕಿ ಗೊಬ್ಬರ ಹೊಲಕ್ಕ ಹೋಗತೈತಿ. 1976ರಾಗ ಅರಣ್ಯ ಅಧಿಕಾರಿ ಎಸ್. ಜಿ. ನೇಗಿನಹಾಳ ಅವರು ಅದನ್ನ ನೋಡಿ ಹೊರಜಗತ್ತಿಗೆ ತಿಳಿಸಿದರು. ಹಕ್ಕಿ ಕೂತ ಮರದ ಹುಣಸಿ ಫಸಲು ಹೋಗತೈತಿ ಅಂತ ಮಾಲೀಕರಿಗೆ ಸರಕಾರ ಪರಿಹಾರ ಕೊಡೋ ವ್ಯವಸ್ಥೆ ಆತು. 2007ರಾಗ ಸಮುದಾಯ ಮೀಸಲು ಅಂತ ಘೋಷಣೆ ಆತು. ಅಲ್ಲಿ ಊರಿನವರೇ ಮೊದಲು ಹಕ್ಕಿಯನ್ನ ತಮ್ಮವು ಅಂದರು, ಕಾಯ್ದೆ ಹಿಂದಿನಿಂದ ಬಂತು.

ರಣಹದ್ದು ಹೋದ ಹಾದಿ

ಕಣ್ಣೆದುರಿಗೇ ಆದ ಒಂದು ಸಂಗತಿ ಹೇಳದಿದ್ದರ ಈ ಲೆಕ್ಕ ಪೂರಾ ಆಗೋದಿಲ್ಲ. ಐವತ್ತು ದಾಟಿದವರಿಗೆಲ್ಲ ನೆನಪೈತಿ: ಎತ್ತು ಸತ್ತರ ಹಳ್ಳದ ದಂಡಿಗೆ ಒಗದು ಬರತಿದ್ದರು, ತಾಸಿನ್ಯಾಗ ಆಕಾಶ ತುಂಬ ರಣಹದ್ದು. ಮರುದಿನ ಎಲುವು ಅಷ್ಟೇ. 1990ರ ದಶಕದಾಗ ಅವು ದೇಶದ ತುಂಬ ಸತ್ತವು. ಬಿಳಿ ಬೆನ್ನಿನ ರಣಹದ್ದು ಸಾವಿರಕ್ಕ ಒಂದು ಉಳಿಯೋ ಮಟ್ಟಕ್ಕ ಬಂತು. ಕಾರಣ 2004ರಾಗ ಗೊತ್ತಾತು: ದನಕ್ಕ ಬಾವು, ನೋವಿಗೆ ಕೊಡತಿದ್ದ ಡೈಕ್ಲೋಫಿನಾಕ್ ಇಂಜೆಕ್ಷನ್. ಔಷಧ ಮೈಯಾಗ ಇರೋವಾಗ ಸತ್ತ ದನ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಸಾಯತಿತ್ತು. 2006ರಾಗ ದನಕ್ಕ ಅದನ್ನ ಬಂದ್ ಮಾಡಿದರು. 2023ರಾಗ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಕೂಡ ದನಕ್ಕ ಬಂದ್ ಆದವು. ಮೆಲೋಕ್ಸಿಕಾಮ್ ರಣಹದ್ದಿಗೆ ತೊಂದರಿ ಮಾಡೋದಿಲ್ಲ. ದನದ ಡಾಕ್ಟರ್ ಬಂದಾಗ ಇದೇ ಕೊಡರಿ ಅಂತ ಕೇಳಾಕ ನಮಗ ಹಕ್ಕು ಐತಿ.

ಈ ಸಾವಿನ ಕಾಲದಾಗ ನಮ್ಮ ಐದು ತಾಲೂಕಿನ್ಯಾಗ ಹಳ್ಳದ ದಂಡಿಗೆ ಕೊನೆಯ ರಣಹದ್ದು ಇಳಿದದ್ದು ಯಾವ ವರ್ಷ? ಕೇಳಿ ನೋಡರಿ. ಮೊದಲ ಬೋರು ಹೊಡಸಿದ ವರ್ಷ ಎಲ್ಲರಿಗೂ ನೆನಪೈತಿ, ಇದು ಯಾರಿಗೂ ಇಲ್ಲ. ಸಾಹೇಬ ಬರೆದಿಟ್ಟ 1826ರ ಇಲಿ ನಮಗ ಗೊತ್ತು. ನಾವೇ ಕಂಡ ರಣಹದ್ದಿನ ಕೊನಿ ದಿನ ಕಾಗದದಾಗ ಇಲ್ಲ.

ಇನ್ನು ಬರೆಯೋ ಪಾಳಿ ನಮ್ಮದು

2023ರಾಗ ಭಾರತದ ಹಕ್ಕಿಗಳ ಸ್ಥಿತಿಗತಿ ಅಂತ ಒಂದು ದೊಡ್ಡ ವರದಿ ಬಂತು. 942 ಜಾತಿಯ ಹಕ್ಕಿ ಲೆಕ್ಕ. ಅದಕ್ಕ ಆಧಾರ 30,000 ಸಾಮಾನ್ಯ ಜನ ಬರೆದು ಕಳಿಸಿದ ಸುಮಾರು 3 ಕೋಟಿ ದಾಖಲೆ. ಮಾಸ್ತರು, ಹುಡುಗರು, ನೌಕರಿಯವರು, ನಿವೃತ್ತಿ ಆದವರು ನೋಡಿ ಬರೆದದ್ದು. 178 ಜಾತಿಯ ಮ್ಯಾಲ ತುರ್ತು ಗಮನ ಬೇಕು ಅಂತ ವರದಿ ಹೇಳಿತು. ಹುಲ್ಲುಗಾವಲಿನ ಹಕ್ಕಿಗೆ ಹೆಚ್ಚಿನ ಪೆಟ್ಟು ಬಿದ್ದೈತಿ. ನಮ್ಮ ರಾಜ್ಯಪಕ್ಷಿ ನೀಲಕಂಠ ಕೂಡ ಇಳಿಕೆ ಕಂಡಿರೋ ಸಾಲಿನ್ಯಾಗ ಐತಿ. ದಸರಾದಾಗ ಅದನ್ನ ಕಂಡರ ಶುಭ ಅನ್ನೋ ನಾವು ತಂತಿ ಮ್ಯಾಲ ಎಷ್ಟು ಕೂತಾವ ಅಂತ ಒಂದು ಸಲನೂ ಎಣಿಸಿಲ್ಲ. ಇಂಥ ಲೆಕ್ಕಕ್ಕ ದಾಖಲೆ ಹೆಚ್ಚು ಬರೋದು ಪ್ಯಾಟಿ ಸುತ್ತಮುತ್ತ, ಕೆರಿ, ಧಾಮದಿಂದ. ಮಡ್ಡಿ, ಹೊಲ ಯಾರ ಕಣ್ಣ ಮುಂದ ದಿನಾ ಇರತಾವೋ ಅವರು ಬರೆಯೋದಿಲ್ಲ.

ಇದಕ್ಕ ದುಬಾರಿ ದುರ್ಬೀನು ಬ್ಯಾಡ, ಇಂಗ್ಲಿಷ್ ಬ್ಯಾಡ. ಮನ್ಯಾಗ ಗ್ವಾಡಿಗೆ ತೂಗು ಹಾಕಿದ ಕ್ಯಾಲೆಂಡರ್ ಐತಲ್ಲ, ಹಾಲಿನ ಲೆಕ್ಕ, ಆಳಿನ ಹಾಜರಿ ಬರೀತೀವಿ, ಅದರ ಮಗ್ಗಲಾಗೇ ಬರೀರಿ. ಈ ಚೈತ್ರ, ವೈಶಾಖದಾಗ ಇಷ್ಟು ಸಾಕು:

ಕೋಗಿಲಿ ಮೊದಲು ಕೂಗಿದ ದಿನ.
ಕರ್ಕರ ಕೊಕ್ಕರಿ, ಭೋರಡಿ ಕೊನೆಗೆ ಕಂಡ ದಿನ, ಅಂದಾಜು ಎಷ್ಟು ಇದ್ದವು.
ಟಿಟ್ಟಿಭದ ಮೊಟ್ಟಿ ಯಾವ ಸರ್ವೆ ನಂಬರಿನ್ಯಾಗ, ಎಷ್ಟು, ಮರಿ ಆದವೋ ಇಲ್ಲೋ. ರಂಟಿ, ರೋಟವೇಟರ್ ಹೊಡಿಯೋ ಮುಂದ ಆ ಜಾಗಕ್ಕ ಒಂದು ಕಡ್ಡಿ ನೆಟ್ಟು ಒಂದು ಮಾರು ಬಿಟ್ಟು ಹೊಡದರ ನಾಕು ಜೀವ ಉಳೀತಾವ.
ಗಾಯರಾಣದಾಗ ಸಂಜಿಗೆ ತಗ್ಗಿನಾಗ ತೇಲೋ ಗಿಡಗ ಎಷ್ಟು.
ಪೊಟರಿ ಇರೋ ಹಳೇ ಮರ ಎಲ್ಲೆಲ್ಲಿ, ಅದರಾಗ ಯಾವ ಹಕ್ಕಿ.
ಮಿರಗ ಹತ್ತಿರ ಬಂದಾಗ ಚಾತಕ ಕೂಗಿದ ದಿನ, ಮಳಿ ಬಿದ್ದ ದಿನ.

ಇನ್ನೊಂದು ಕೆಲಸ ಇದಕ್ಕಿಂತ ಜರೂರು. ಊರಾಗ ಕುರಿ ಕಾಯೋ ಹಿರಿಯರು, ಹರಣಶಿಕಾರಿ ಓಣಿಯ ಮುದುಕರು ಇದ್ದರ ಹೋಗಿ ಕೂಡರಿ. ಯಾವ ಹಕ್ಕಿಗೆ ಏನು ಅನ್ನುತಿದ್ದರು ಕೇಳರಿ, ಅವರ ಮಾತಿನ್ಯಾಗೇ ಬರಕೋರಿ, ಹೇಳಿದವರ ಹೆಸರು ಅವರಿಗೆ ಒಪ್ಪಿಗಿ ಇದ್ದರ ಮೇಲೆ ಹಾಕರಿ. ಮಾನಸೋಲ್ಲಾಸದಾಗ ಇಲ್ಲದ ಹೆಸರು, ಸಾಹೇಬರ ಪಟ್ಟಿಯೊಳಗ ಇಲ್ಲದ ಹೆಸರು, ನಮ್ಮ ಪಟ್ಟಿಯೊಳಗಾದರೂ ಇರಲಿ.

ಹಂಗ ನಾಕು ವರ್ಷದ ಲೆಕ್ಕ ಕೈಯಾಗ ಇದ್ದರ ಗ್ರಾಮಸಭಾದಾಗ ಮಾತಿನ ತೂಕ ಬ್ಯಾರೆ. ಖಾಲಿ ಬಿದ್ದೈತಿ ಅಂದವರಿಗೆ, ಇಲ್ಲರೀ ಅಣ್ಣಾರ, ಇಲ್ಲಿ ಇಷ್ಟು ಕುರಿ ಮೇಯತಾವ, ಇಷ್ಟು ಹಕ್ಕಿ ಮೊಟ್ಟಿ ಇಡತಾವ, ನಮ್ಮ ಹೊಲದ ಇಲಿ ತಿನ್ನೋ ಗಿಡಗ ಇಲ್ಲಿ ಮಲಗತಾವ ಅಂತ ಕಾಗದ ತೋರಸಬಹುದು. ಧಾಮ ಮಾಡತೀವಿ ಅಂತ ಯಾರಾದರೂ ನಕಾಶಿ ಹಿಡಕೊಂಡು ಬಂದರ, ನಾನ್ನಜದಂಗ ಬ್ಯಾಡ, ಕೊಕ್ಕರೆ ಬೆಳ್ಳೂರಿನಂಗ ನಮ್ಮನ್ನ ಕೂಡಿಸಿಕೊಂಡು ಮಾಡರಿ ಅಂತ ಹೇಳಾಕ ಅದೇ ಕಾಗದ ಆಧಾರ.

ಯುಗಾದಿಗೆ ಹೊಸ ಪಂಚಾಂಗ ತರತೀರಿ. ಆವತ್ತಿನಿಂದನೇ ಶುರು ಮಾಡರಿ. ನಿಮ್ಮೂರಿನ ಹಕ್ಕಿ ಹೆಸರು, ಕಂಡ ದಿನ ಬರೆದು ಕಳಿಸಿದರ ಐದು ತಾಲೂಕಿನದನ್ನೂ ಒಂದು ವಹಿಯೊಳಗ ಕೂಡಸೋ ಕೆಲಸ ನಾನು ಮಾಡತೀನಿ.